ಎಂಟು ನಿಮಿಷದ ಪೇಸ್ ಎರಡು ತಿಂಗಳಲ್ಲಿ ಆರಕ್ಕೆ ಬರಬೇಕಾ? ನನ್ನ ಕಾಲಿನ ಕತೆ ಕೇಳಿ

ಆರು ವಾರದಿಂದ ಓಡುತ್ತಿದ್ದೀರಿ, ಕಿಲೋಮೀಟರಿಗೆ ಎಂಟು ನಿಮಿಷ ಬೇಕು (ಪೇಸ್ ಅಂದರೆ ಇದೇ ಲೆಕ್ಕ), ಗ್ರೂಪಿನವರೆಲ್ಲ ಆರರಲ್ಲಿ ಓಡುತ್ತಾರೆ, ಎರಡು ತಿಂಗಳಲ್ಲಿ ಆರಕ್ಕೆ ಬರಲಿಕ್ಕೆ ಇಂಟರ್ವಲ್ (ಸ್ವಲ್ಪ ಹೊತ್ತು ಜೋರಾಗಿ ಓಡಿ, ಸುಧಾರಿಸಿ, ಮತ್ತೆ ಜೋರಾಗಿ ಓಡುವುದು) ಮಾಡಬೇಕಾ, ಶೂ ಬದಲಿಸಬೇಕಾ ಅಂತ ಕೇಳಿದ್ದೀರಿ. ಇಷ್ಟೇ ಆಗಿದ್ದರೆ ಓದಿ ಸುಮ್ಮನಿರುತ್ತಿದ್ದೆ. ಕೊನೆಗೆ ಒಂದು ಸಾಲು ಸೇರಿಸಿದ್ದೀರಲ್ಲ, ಕಣಕಾಲಿನ ಎದುರು ಸ್ವಲ್ಪ ನೋವುಂಟು, ಓಡಲಿಕ್ಕೆ ಶುರುಮಾಡಿ ಹತ್ತು ನಿಮಿಷಕ್ಕೆ ಬಿಡುತ್ತದೆ, ಮಾಮೂಲಿ ಅಲ್ಲವಾ ಅಂತ, ಅದಕ್ಕೆ ಕೂತು ಬರೆಯುತ್ತಿದ್ದೇನೆ. 2019ರ ಅಕ್ಟೋಬರಿನಲ್ಲಿ ನನ್ನ ಹೆಂಡತಿಗೆ ನಾನು ಹೇಳಿದ್ದೂ ಇದೇ ಮಾತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ನೀರ್ಚಾಲು ಕಡೆ. ಆಗ ನನಗೆ 41. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ ಕೆಲಸ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ಬಂದು ನಿಂತಿದೆ, ದಿನಾ ನಡೆಯಿರಿ ಅಂತ ಡಾಕ್ಟರು ಹೇಳಿದ್ದರು. ನಡೆಯುವುದರಲ್ಲಿ ಎಂತ ಗಮ್ಮತ್ತು ಅಂತ ನಾನು ಓಡಲಿಕ್ಕೆ ಶುರುಮಾಡಿದೆ. ಸೆಪ್ಟೆಂಬರ್ ಮಧ್ಯದಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ.

ನಮ್ಮ ಕಡೆಯ ನೆಲ ನೋಡಿದವರಿಗೆ ಗೊತ್ತು. ಮನೆ ಬೈಲಿನಲ್ಲಿ, ರಸ್ತೆ ಗುಡ್ಡೆಯ ಮೇಲೆ. ಅಡಿಕೆ ತೋಟದ ನಡುವಿನ ದಾರಿ, ಆಮೇಲೆ ಒಂದು ಏರು, ಮುಖ್ಯರಸ್ತೆಯ ಬಸ್ ಸ್ಟಾಪ್, ಅಲ್ಲಿಂದ ತಿರುಗಿ ಅದೇ ಇಳಿಜಾರಿನಲ್ಲಿ ಮನೆ. ಹೋಗಿ ಬಂದರೆ ನಾಲ್ಕು ಕಿಲೋಮೀಟರ್ ಅಂತ ಫೋನ್ ಹೇಳುತ್ತಿತ್ತು. ಮೊದಲ ದಿನ 8:20 ಪೇಸ್. ಮರುದಿನ 8:11. ಮೂರನೇ ದಿನ ಎಂಟರ ಒಳಗೆ. ಸ್ಕ್ರೀನಿನಲ್ಲಿ ಆ ಹಸಿರು ಬಾಣ ಮೇಲೆ ಹೋಗುವುದು ನೋಡಿದರೆ ಸಂಬಳ ಏರಿದಷ್ಟು ಖುಷಿ. ಬೆಂಗಳೂರಿನಲ್ಲಿರುವ ಭಾವ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ 5:50 ಪೇಸಿನ ಸ್ಕ್ರೀನ್‌ಶಾಟ್ ಹಾಕುತ್ತಿದ್ದ. ನನ್ನದು ಹಾಕಲಿಕ್ಕೆ ನಾಚಿಕೆ. ಆರೂವರೆ ಆದ ದಿನ ಹಾಕುವುದು ಅಂತ ಮನಸ್ಸಿನಲ್ಲೇ ಹರಕೆ ಹೊತ್ತೆ.

ನನ್ನ ತಪ್ಪು ಇಲ್ಲಿಯೇ ಇರುವುದು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದನ್ನು ಹೇಳಿದಾಗಲೆಲ್ಲ ಜನ ಶೂ ಸರಿ ಇರಲಿಲ್ಲವೇನೋ, ಕೆಂಪುಕಲ್ಲಿನ ದಾರಿ ಗಟ್ಟಿ ಆಯಿತೇನೋ, ವಯಸ್ಸು ಆಯಿತೇನೋ ಅನ್ನುತ್ತಾರೆ. ಅದೊಂದೂ ಅಲ್ಲ. ನಾನು ವಾರಕ್ಕೆ ಆರು ದಿನ, ಅದೇ ದಾರಿಯಲ್ಲಿ, ನಿನ್ನೆಯ ನನ್ನನ್ನೇ ಸೋಲಿಸಲಿಕ್ಕೆ ಓಡುತ್ತಿದ್ದೆ. ಒಂದು ದಿನವೂ ನಿಧಾನಕ್ಕೆ ಓಡಲಿಲ್ಲ. ಹಾಗಂತ ನಿಜವಾಗಿ ಜೋರಾಗಿ ಓಡಿದ್ದೂ ಇಲ್ಲ, ಅದಕ್ಕೆ ಬೇಕಾದ ತಾಕತ್ತು ಯಾವ ಬೆಳಿಗ್ಗೆಯೂ ಉಳಿದಿರುತ್ತಿರಲಿಲ್ಲ. ದಿನಾ ಒಂದೇ ನಡುವಿನ ಹದ: ಏದುಸಿರು, ಉರಿಯುವ ತೊಡೆ, ಫೋನಿನ ಮೇಲೆ ಕಣ್ಣು. ಕೊನೆಯ ಅರ್ಧ ಕಿಲೋಮೀಟರ್ ಇಳಿಜಾರು ಆದ್ದರಿಂದ ಅಲ್ಲಿ ಕಾಲು ಬಿಟ್ಟು ಓಡಿ ಏರಿನಲ್ಲಿ ಹೋದ ಸೆಕೆಂಡುಗಳನ್ನು ಹಿಂದೆ ಪಡೆಯುವುದು. ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಗೂ ಎಲುಬಿಗೆ ಬೀಳುವ ಪೆಟ್ಟು ಜಾಸ್ತಿ ಅಂತ ಆಗ ಯಾರು ಯೋಚಿಸಿದ್ದರು!

ಇದರಲ್ಲಿ ಮೋಸ ಎಂತ ಎಂದರೆ, ಮೊದಲ ಐದಾರು ವಾರ ಇದು ಫಲ ಕೊಡುತ್ತದೆ. ಹೊಸಬರಿಗೆ ಹೇಗೆ ಓಡಿದರೂ ಫಲ ಸಿಗುತ್ತದೆ. ಹೃದಯ, ಶ್ವಾಸಕೋಶ, ರಕ್ತ, ಇವೆಲ್ಲ ಬೇಗ ಕಲಿಯುತ್ತವೆ, ವಾರಗಳಲ್ಲಿ. ಎಲುಬಿಗೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳಿಗೆ ತಿಂಗಳುಗಳು ಬೇಕು. ಎಲುಬು ಗಟ್ಟಿಯಾಗುವ ಕ್ರಮವೇ ಬೇರೆ: ಪೆಟ್ಟು ಬಿದ್ದ ಕಡೆ ಮೊದಲು ಹಳತನ್ನು ಕಿತ್ತು ತೆಗೆಯುತ್ತದೆ, ಆಮೇಲೆ ಹೊಸತನ್ನು ಕಟ್ಟುತ್ತದೆ. ನಮ್ಮಲ್ಲಿ ಕೆಂಪುಕಲ್ಲಿನ ಗೋಡೆಯಲ್ಲಿ ಜೀರ್ಣವಾದ ಕಲ್ಲು ಬದಲಿಸುವುದು ನೋಡಿದ್ದೀರಾ? ಹಳೆ ಕಲ್ಲು ತೆಗೆದು ಹೊಸತು ಕೂರಿಸುವವರೆಗೆ ಅಲ್ಲಿ ಒಂದು ತೂತು ಇರುತ್ತದೆ. ಆ ಹೊತ್ತಿಗೆ ಮಾಡಿಗೆ ಹತ್ತಿ ಯಾರೂ ಕುಣಿಯುವುದಿಲ್ಲ. ನಾನು ದಿನಾ ಕುಣಿದೆ. ಉಸಿರು ಸಲೀಸಾಯಿತು ಅಂತ ಕಾಲೂ ತಯಾರಾಗಿದೆ ಅಂದುಕೊಂಡೆ.

ಅಕ್ಟೋಬರ್ ನಡುವಿನಲ್ಲಿ ಎಡ ಕಣಕಾಲಿನ ಒಳಬದಿ ನೋವು ಬಂತು. ಮೊದಲು ಗೇಣುದ್ದಕ್ಕೆ ಮಂದ ನೋವು, ಏರು ಮುಗಿಯುವಾಗ ಹೋಗುತ್ತಿತ್ತು. ಎರಡು ವಾರದ ಮೇಲೆ ಅದು ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದು ಕೂತಿತು. ಬೆರಳಿನಿಂದ ಒತ್ತಿದರೆ ಜೀವ ಹೋಗುತ್ತದೆ, ಅರ್ಧ ಇಂಚು ಆಚೆ ಒತ್ತಿದರೆ ಎಂತದೂ ಇಲ್ಲ. ರಾತ್ರಿ ಮಲಗಿದಾಗಲೂ ಮಿಡಿಯುತ್ತಿತ್ತು. ನೋವಿನ ಎಣ್ಣೆ ತಿಕ್ಕಿದೆ, ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ಓಡಿದೆ. ನವೆಂಬರಿನ ಮೊದಲ ಆದಿತ್ಯವಾರ 26 ನಿಮಿಷ 20 ಸೆಕೆಂಡಿಗೆ ಅಂಗಳ ಮುಟ್ಟಿದೆ. ಪೇಸ್ 6:35. ಐದು ಸೆಕೆಂಡಿಗೆ ಹರಕೆ ತಪ್ಪಿತು ಅಂತ ಬೇಸರಪಟ್ಟುಕೊಂಡು ಮೆಟ್ಟಿಲು ಹತ್ತಲಿಕ್ಕೆ ಹೋದರೆ ಎಡಗಾಲು ಊರಲಿಕ್ಕೆ ಆಗಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಏನೂ ಇಲ್ಲ, ಉಳುಕಿದ್ದು ಅಂದರು. ಒಂದು ವಾರ ಬಿಟ್ಟು ನಾನು ಮತ್ತೆ ಓಡಿದೆ. ಹೌದು, ಓಡಿದೆ. ಆಮೇಲೆ ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದಾಗ ಎಲುಬಿನಲ್ಲಿ ಕೂದಲಿನಂಥ ಬಿರುಕು ಕಂಡಿತು, ಸ್ಟ್ರೆಸ್ ಫ್ರಾಕ್ಚರ್. ಇಂಥ ಬಿರುಕು ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚಂತೆ, ಅಲ್ಲಿಯ ಡಾಕ್ಟರು ಹೇಳಿದ್ದು. ಮೂರು ತಿಂಗಳು ಓಟ ಬಂದ್. ಬ್ಯಾಂಕಿಗೆ ಊರುಗೋಲು ಹಿಡಿದು ಹೋದೆ, ಬಂದ ಗಿರಾಕಿಗಳಿಗೆಲ್ಲ ಕಾರಣ ಹೇಳಿ ಹೇಳಿ ಸಾಕಾಯಿತು. ಜಾಗಿಂಗ್ ಮಾಡಿ ಎಲುಬು ಮುರಿಯಿತು ಅಂದರೆ ನಂಬುವವರಿಲ್ಲ. ಕೊನೆಗೆ ಬೈಕಿನಿಂದ ಬಿದ್ದೆ ಅಂತಲೇ ಹೇಳಿಬಿಟ್ಟೆ.

ಇನ್ನೊಂದು ಕೇಳಿ. ಕಾಲು ಸರಿಯಾಗುತ್ತಿದ್ದ ಹೊತ್ತಿಗೆ ಒಂದು ದಿನ ಬೈಕಿನ ಮೀಟರ್ ನೋಡಿಕೊಂಡು ಆ ದಾರಿಯಲ್ಲಿ ಹೋದೆ. ಹೋಗುವಾಗ 1.8, ಬರುವಾಗ 1.8. ಅಡಿಕೆ ಸೋಗೆಯ ಅಡಿಯಲ್ಲಿ ಫೋನಿಗೆ ಉಪಗ್ರಹದ ಸಿಗ್ನಲ್ ಸರಿ ಸಿಗದೆ ನಾನು ತೋಟದೊಳಗೆ ಅತ್ತಿತ್ತ ಹಾರಿದ ಹಾಗೆ ಗೆರೆ ಎಳೆದು ನಾನೂರು ಮೀಟರ್ ಪುಕ್ಕಟೆ ಸೇರಿಸಿತ್ತು. ಲೆಕ್ಕ ಹಾಕಿದರೆ ನನ್ನ ನಿಜವಾದ ಪೇಸ್ 7:19. ಎಲುಬು ಕೊಟ್ಟು ಕೊಂಡ 6:35 ಅಲ್ಲಿ ಇರಲೇ ಇಲ್ಲ.

2020ರ ಮಾರ್ಚಿನಲ್ಲಿ ನಿಧಾನಕ್ಕೆ ಓಡಬಹುದು ಅಂತ ಅಪ್ಪಣೆ ಸಿಕ್ಕಿತು. ಅದೇ ತಿಂಗಳು ಲಾಕ್‌ಡೌನ್. ಕಾಸರಗೋಡಿನ ಅವಸ್ಥೆ ನಿಮಗೆ ನೆನಪಿರಬಹುದು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿಗೆ ಹೋಗುವ ದಾರಿಯೇ ಇರಲಿಲ್ಲ. ಫಿಸಿಯೋ ಹತ್ತಿರ ಹೋಗುವುದು ತಪ್ಪಿತು, ಹೊರಗೆ ಓಡಿದರೆ ಪೊಲೀಸರು. ಉಳಿದದ್ದು ಅಂಗಳ. ಅದರಲ್ಲೂ ಅಡಿಕೆ ಒಣಗುವ ಕಾಲ, ನಡುವೆ ಪೂರ್ತಿ ಅಡಿಕೆ, ಸುತ್ತ ಎರಡು ಅಡಿ ಅಗಲದ ಅಂಚು. ಒಂದು ಸುತ್ತಿಗೆ ಎಪ್ಪತ್ತು ಮೀಟರ್ ಇರಬಹುದು. ಅಲ್ಲಿ ಓಡಿದೆ. ಫೋನಿನ ಪೇಸ್ ಅಂಥ ಜಾಗದಲ್ಲಿ ಯಾವ ಕೆಲಸಕ್ಕೂ ಬಾರದು. ಹತ್ತು ಸುತ್ತಿಗೊಮ್ಮೆ ದಿಕ್ಕು ಬದಲಿಸುತ್ತಿದ್ದೆ, ಒಂದೇ ಕಾಲಿಗೆ ತಿರುವಿನ ಭಾರ ಬೀಳದಿರಲಿ ಅಂತ. ಅಮ್ಮ ಜಗಲಿಯಲ್ಲಿ ಕೂತು, "ಅಡಿಕೆ ಮೆಟ್ಟಿ ಜಾರಿ ಇನ್ನೊಂದು ಕಾಲು ಮುರ್ಕೊಳ್ಬೇಡ ಮಾರಾಯ" ಅಂತ ಒಂದೊಂದು ಸುತ್ತಿಗೂ ನೆನಪಿಸುತ್ತಿದ್ದರು.

ಈಗ ನನ್ನ ಕೋಚ್ ವಿಷಯ. ಹೈಸ್ಕೂಲಿನಲ್ಲಿ ನಮಗೆ ಡ್ರಿಲ್ ಕಲಿಸಿದ ಮಾಷ್ಟ್ರು, ನಿವೃತ್ತರಾಗಿ ವರ್ಷಗಳಾದವು. ಅವರು ಒಳ್ಳೆಯ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಪಾತ್ರವಾಗಿ ಮಾತಾಡುವವರು; ಆ ಮಾತಿಗೆ ಅರ್ಥ ಅನ್ನುತ್ತಾರೆ. ನಾನೂ ತಾಳಮದ್ದಳೆಯ ಹುಚ್ಚಿನವನೇ, ಆದರೆ ದೊಡ್ಡವರು ಯಾರಾದರೂ ಕೈಕೊಟ್ಟ ದಿನ ಮಾತ್ರ ಕೂರಿಸುವ ಜಾತಿ. ಲಾಕ್‌ಡೌನಿನಲ್ಲಿ ಕೂಟ ಇಲ್ಲದೆ ಅವರಿಗೆ ಬಾಯಿ ತುರಿಸುತ್ತಿತ್ತು. ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ, "ನೀನು ಕರ್ಣ, ನಾನು ಕೃಷ್ಣ. ಓಡ್ತಾ ಅರ್ಥ ಹೇಳು. ನಿನ್ನ ಏದುಸಿರು ನನ್ನ ಕಿವಿಗೆ ಬಿತ್ತೋ, ಫೋನ್ ಇಟ್ಟೆ" ಅಂದರು. ಇಯರ್‌ಫೋನ್ ಸಿಕ್ಕಿಸಿಕೊಂಡು ಅಂಗಳ ಸುತ್ತುತ್ತ ಕರ್ಣನ ಅರ್ಥ ಹೇಳಲಿಕ್ಕೆ ಶುರುಮಾಡಿದೆ. ಮೊದಲ ದಿನ ಮೂರನೇ ಸುತ್ತಿಗೆ ಫೋನ್ ಕಟ್. ಮತ್ತೆ ಮಾಡಿದರೆ, "ಕರ್ಣನ ಪ್ರಾಣ ಹೋಗ್ಲಿಕ್ಕೆ ಇನ್ನೂ ತುಂಬಾ ಕತೆ ಬಾಕಿ ಉಂಟು ಮಾರಾಯ, ಇಷ್ಟು ಬೇಗ ಎಂತಕ್ಕೆ ಅವಸರ?"

ಅಷ್ಟು ನಿಧಾನಕ್ಕೆ ಓಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಉದ್ದದ ವಾಕ್ಯವನ್ನು ನಡುವೆ ಉಸಿರು ಕಡಿಯದೆ ಹೇಳಿ ಮುಗಿಸುವಷ್ಟು ನಿಧಾನ. ಶುರುವಿನಲ್ಲಿ ಅದು ಓಟವೇ ಅಲ್ಲ, ಎರಡು ಸುತ್ತು ಕುಪ್ಪಳಿಸುವುದು, ಒಂದು ಸುತ್ತು ನಡೆಯುವುದು. ಕಿಲೋಮೀಟರಿಗೆ ಒಂಬತ್ತೂವರೆ ನಿಮಿಷ ಆಗುತ್ತಿತ್ತೇನೋ. ನನಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಒಂದು ದಿನ ಮಾಷ್ಟ್ರ ಹತ್ತಿರ, ಹೀಗೆ ಓಡಿದರೆ ಸ್ಪೀಡ್ ಯಾವಾಗ ಬರುವುದು ಅಂತ ಜಗಳವಾಡಿದೆ. ಅವರು ಪಿ.ಟಿ. ಉಷಾ ಕತೆ ತೆಗೆದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್, ಸೆಕೆಂಡಿನ ನೂರನೇ ಒಂದು ಪಾಲಿಗೆ ಕಂಚು ಹೋದದ್ದು. "ಸೆಕೆಂಡ್ ಲೆಕ್ಕ ಹಾಕಿ ಅಳ್ಲಿಕ್ಕೆ ಉಷಾಳಿಗೆ ಹಕ್ಕುಂಟು. ಸಕ್ಕರೆ ಕಾಯಿಲೆಗೆ ಹೆದರಿ ಓಡುವ ನಿನಗೆ ಎಂತದ್ದು ಸೆಕೆಂಡು?" ನಾನು ಬಾಯಿ ಮುಚ್ಚಿಕೊಂಡು ಮತ್ತೆ ಕರ್ಣನಾದೆ.

ಅಕ್ಟೋಬರಿಗೆ ರಸ್ತೆಗೆ ಇಳಿದೆ. ಈ ಸಲ ಬೈಕಿನಲ್ಲಿ ಅಳೆದಿಟ್ಟ ದಾರಿ, ಕೈಯಲ್ಲಿ ಹತ್ತು ವರ್ಷ ಹಳೆಯ ವಾಚು. ಮಾತಾಡುತ್ತ ಓಡಿದರೂ 7:20 ಬಂತು. ಹಿಂದಿನ ವರ್ಷ ನಾಲಿಗೆ ಹೊರಗೆ ಹಾಕಿ, ಎಲುಬು ಮುರಿದು ಓಡಿದ್ದ ಅದೇ ವೇಗ, ಈಗ ಕುಂತಿಯ ವಿಷಯ ಮಾತಾಡುತ್ತ! ಚಾ ಅಂಗಡಿಯವರಿಗೆ ಮಾತ್ರ ನನಗೆ ತಲೆ ಕೆಟ್ಟಿದೆ ಅಂತ ಗ್ಯಾರಂಟಿ ಆಯಿತು. ಅದರ ಮರುವರ್ಷ 10 ಕಿಲೋಮೀಟರ್ 62 ನಿಮಿಷಕ್ಕೆ ಮುಗಿಸಿದೆ. ಅಂದರೆ 6:12. ಭಾವನ ಗ್ರೂಪಿಗೆ ಹಾಕಲಿಲ್ಲ, ಅಷ್ಟು ಹೊತ್ತಿಗೆ ಅವನು ಮೊಣಕಾಲು ನೋವು ಅಂತ ಸೈಕಲಿಗೆ ಹೋಗಿದ್ದ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಎಂಟರಿಂದ ಆರಕ್ಕೆ ಅಂದರೆ ಬರೀ ಎರಡು ನಿಮಿಷ ಅಂತ ಕಾಣುತ್ತದೆ. ಗಂಟೆಗೆ ಏಳೂವರೆ ಕಿಲೋಮೀಟರ್ ಓಡುವವರು ಹತ್ತು ಓಡಬೇಕು, ಮೂರನೇ ಒಂದು ಪಾಲು ಜಾಸ್ತಿ. ಎರಡು ತಿಂಗಳಲ್ಲಿ ಅದನ್ನು ಕೇಳಬೇಡಿ. ಗ್ರೂಪಿನವರು ಎಷ್ಟು ವರ್ಷದಿಂದ ಓಡುತ್ತಿದ್ದಾರೆ ಅಂತ ನೀವು ಬರೆದಿಲ್ಲ, ನೀವು ಓಡುವ ಜಾಗ ಸಮತಟ್ಟೋ ಏರುತಗ್ಗೋ ಅದೂ ಬರೆದಿಲ್ಲ. ಅದು ಗೊತ್ತಿಲ್ಲದೆ ಎಂಟು, ಆರು ಅನ್ನುವುದಕ್ಕೆ ಅರ್ಥವೇ ಇಲ್ಲ. ನಮ್ಮ ಕರಾವಳಿಯಲ್ಲಿ ಏಪ್ರಿಲಿನ ಬೆವರು ಆರುವುದೇ ಇಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ, ಹೃದಯಕ್ಕೆ ಎರಡು ಕೆಲಸ. ಡಿಸೆಂಬರಿಗಿಂತ ನನ್ನ ಪೇಸ್ ಅರ್ಧ ನಿಮಿಷ ಬಿದ್ದೇ ಬೀಳುತ್ತದೆ. ಹೋಲಿಸುವುದಾದರೆ ಅದೇ ತಿಂಗಳು, ಅದೇ ದಾರಿ, ಹಿಂದಿನ ವರ್ಷದ ನಿಮ್ಮ ಜೊತೆ ಹೋಲಿಸಿ.

ಇಂಟರ್ವಲ್ ಈಗ ಬೇಡವೇ ಬೇಡ. ನಿಲ್ಲದೆ ನಲವತ್ತು ನಿಮಿಷ ಮಾತಾಡುತ್ತ ಓಡಲಿಕ್ಕೆ ಬಂದು, ಹಾಗೆ ಎರಡು ಮೂರು ತಿಂಗಳು ಕಳೆದ ಮೇಲೆ ನೋಡುವ. ಅಲ್ಲಿಯವರೆಗೆ ಕೈಕಾಲು ತುರಿಸಿದರೆ ವಾರಕ್ಕೆರಡು ಸಲ, ನಿಧಾನದ ಓಟ ಮುಗಿದ ಮೇಲೆ, ಸಮತಟ್ಟು ಜಾಗದಲ್ಲಿ ಇಪ್ಪತ್ತು ಸೆಕೆಂಡು ಚುರುಕಾಗಿ ಓಡಿ, ಪೂರ್ತಿ ಸುಧಾರಿಸುವವರೆಗೆ ನಡೆಯಿರಿ, ಹೀಗೆ ನಾಲ್ಕು ಸಲ. ಒಲಿಂಪಿಕ್ಸಿಗೆ ಹೋಗುವ ದೂರದೋಟದವರೇ ತಮ್ಮ ತರಬೇತಿಯ ಸುಮಾರು ನೂರಕ್ಕೆ ಎಂಬತ್ತು ಪಾಲು ಆರಾಮದ ವೇಗದಲ್ಲಿ ಮಾಡುತ್ತಾರೆ. ನಮ್ಮಂಥ ಹೊಸಬರು ಮಾತ್ರ ದಿನಾ ಫೈನಲ್ ಓಡುವುದು. ವಾರಕ್ಕೆ ಮೂರು ನಾಲ್ಕು ದಿನ ಸಾಕು, ನಡುವೆ ಒಂದು ದಿನ ಬಿಡಿ. ಶೂ? ಬೆರಳಿನ ಮುಂದೆ ಸ್ವಲ್ಪ ಜಾಗ ಇರಲಿ, ಅಡಿ ಸವೆದಿರದಿರಲಿ. ಅದರ ಮೇಲೆ ಹಾಕುವ ದುಡ್ಡೆಲ್ಲ ಅಂಗಡಿಯವನ ಮಗಳ ಮದುವೆಗೆ.

ತಾಳಮದ್ದಳೆ ಬಾರದಿದ್ದರೆ ಹದಿನೇಳರ ಮಗ್ಗಿ ಹೇಳಿ, ಫೋನಿನಲ್ಲಿ ಅತ್ತೆ ಹತ್ತಿರ ಮಾತಾಡಿ, ಏನಾದರೂ ಮಾಡಿ. ಮಾತು ತುಂಡಾದರೆ ನಡೆಯಿರಿ.

ಇದೆಲ್ಲ ಆಮೇಲಿನದ್ದು. ಈಗ, ಇದನ್ನು ಓದುತ್ತಿರುವಾಗಲೇ, ಒಂದು ಕಾಲು ಕುರ್ಚಿಯ ಮೇಲೆ ಇಟ್ಟು ಕಣಕಾಲಿನ ಎಲುಬಿನ ಒಳ ಅಂಚಿನಲ್ಲಿ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತ ಬನ್ನಿ. ಗೇಣುದ್ದಕ್ಕೆ ಮಂದವಾಗಿ ನೋಯುತ್ತದೋ, ಎರಡು ವಾರ ಓಟ ಬಿಟ್ಟು ನಡೆಯಿರಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ನಾಣ್ಯದಷ್ಟು ಒಂದೇ ಜಾಗದಲ್ಲಿ ಜೀವ ಹೋಗುವ ಹಾಗೆ ನೋಯುತ್ತದೋ, ಅಥವಾ ರಾತ್ರಿ ಮಿಡಿಯುತ್ತದೋ, ನಾಳೆ ಬೆಳಿಗ್ಗೆ ಶೂ ಹಾಕಬೇಡಿ, ಎಲುಬಿನ ಡಾಕ್ಟರ ಹತ್ತಿರ ಹೋಗಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದರೂ ಇಂಥದ್ದೇ ಜಾಗ ಅಂತ ಬೆರಳಿಟ್ಟು ತೋರಿಸಿ ಕೇಳಿ. ಯಾವ ಕಾಲು, ಎಷ್ಟು ಜಾಗ ಅಂತ ಇಲ್ಲಿ ಬರೆಯಿರಿ, ಸಂಜೆ ಬ್ಯಾಂಕಿನಿಂದ ಬಂದು ನೋಡುತ್ತೇನೆ.