ಕದನ ನಿಂತ ಮೇಲೆ ಕುರ್ಚಿ ಯಾರಿಗೆ, ಮನೆ ಯಾರಿಗೆ?

ಪ್ರಶ್ನೆ: ಜನಾಂಗೀಯ ಯುದ್ಧ ಮುಗಿದ ದೇಶದಲ್ಲಿ ಬೇಗನೆ ಚುನಾವಣೆ ನಡೆಸಿ ಗೆದ್ದವರ ಕೈಗೆ ಆಡಳಿತ ಕೊಟ್ಟರೆ ಸಾಲದೇ?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ವಿಜಯನಗರ, ಬೆಂಗಳೂರು

ಉತ್ತರ: ಆ ‘ಬೇಗನೆ’ ಎಂಬುದರಲ್ಲೇ ಅಪಾಯವಿದೆ. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1995ರ ಡಿಸೆಂಬರ್ 14ರಂದು, ಮತದಾನ ನಡೆದದ್ದು 1996ರ ಸೆಪ್ಟೆಂಬರ್‌ನಲ್ಲಿ. ಊರು ಬಿಟ್ಟು ಓಡಿದವರಲ್ಲಿ ಹೆಚ್ಚಿನವರು ಇನ್ನೂ ಮರಳಿರಲಿಲ್ಲ. ಯುದ್ಧ ನಡೆಸಿದ ಪಕ್ಷಗಳ ಹಿಡಿತ ಟಿವಿ, ರೇಡಿಯೊಗಳ ಮೇಲೆ ಹಾಗೇ ಇತ್ತು. ಹೆದರಿದ ಮನುಷ್ಯ ತನ್ನವರಿಗೇ ಮತ ಹಾಕುತ್ತಾನೆ. ಬೋಸ್ನಿಯಾಕ್ (ಅಲ್ಲಿನ ಮುಸ್ಲಿಮರು), ಕ್ರೊಯೇಟ್, ಸರ್ಬ್ ಈ ಮೂರೂ ಸಮುದಾಯಗಳಲ್ಲಿ ಗೆದ್ದದ್ದು ಅವರವರ ರಾಷ್ಟ್ರವಾದಿ ಪಕ್ಷಗಳೇ.

ಮತದಾರರ ಪಟ್ಟಿಯಲ್ಲಿ ಇನ್ನೂ ದೊಡ್ಡ ಎಡವಟ್ಟಾಯಿತು. ಯುದ್ಧಕ್ಕೆ ಮುಂಚಿನ ಊರಿನಲ್ಲಷ್ಟೇ ಅಲ್ಲ, ‘ಮುಂದೆ ನೆಲೆಸಲಿರುವ’ ಊರಿನಲ್ಲೂ ಹೆಸರು ಸೇರಿಸಬಹುದಿತ್ತು. ಜನರನ್ನು ಓಡಿಸಿ ಖಾಲಿ ಮಾಡಿಸಿದ ಪಟ್ಟಣಗಳಿಗೆ ತಮ್ಮವರ ಹೆಸರು ತುಂಬಿಸಲು ಸ್ಥಳೀಯ ಅಧಿಕಾರಸ್ಥರು ಇದನ್ನೇ ಬಳಸಿಕೊಂಡರು. ಕೊನೆಗೆ ಪುರಸಭೆಗಳ ಚುನಾವಣೆಯನ್ನು 1997ಕ್ಕೆ ಮುಂದೂಡಬೇಕಾಯಿತು.

ಮೊದಲು ನಿರ್ಭಯ ಓಡಾಟ, ನಂಬಬಹುದಾದ ಪೊಲೀಸರು, ಸರಿಯಾದ ಪಟ್ಟಿ, ಆಮೇಲೆ ಮತಪೆಟ್ಟಿಗೆ ಎಂಬುದು ನಮ್ಮ ಅಭಿಪ್ರಾಯ. ಆಯುಧದ ವಿಷಯವೂ ಅಷ್ಟೇ. ಉತ್ತರ ಐರ್ಲೆಂಡ್‌ನಲ್ಲಿ 1998ರಲ್ಲೇ ಚುನಾವಣೆ ಮುಗಿಯಿತು. ಬ್ರಿಟನ್ ಬಿಟ್ಟು ಐರ್ಲೆಂಡ್ ಸೇರಬೇಕೆಂದು ಹೋರಾಡಿದ ಸಶಸ್ತ್ರ ಗುಂಪು ಐಆರ್‌ಎ ಪೂರ್ತಿ ಆಯುಧ ಬಿಟ್ಟದ್ದು 2005ರಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿನ ಸರ್ಕಾರ ಮತ್ತೆ ಮತ್ತೆ ಅಮಾನತಾಯಿತು, ಆಯುಧದ ಜಗಳವೇ ಅದಕ್ಕೆ ಮುಖ್ಯ ಕಾರಣ.

ಪ್ರಶ್ನೆ: ಇಂಥ ಕಡೆ ಮಂತ್ರಿ ಖಾತೆಗಳನ್ನು ಸಮುದಾಯಗಳ ನಡುವೆ ಹಂಚುವ ಲೆಕ್ಕ ಹೇಗಿರುತ್ತದೆ? ಇದೂ ನಮ್ಮ ಮೀಸಲು ಕ್ಷೇತ್ರದಂಥದ್ದೇ?
– ನಿವೃತ್ತ ಶಿಕ್ಷಕಿ, ಬಸವನಗುಡಿ

ಉತ್ತರ: ನೀವು ಲೆಕ್ಕ ಕೇಳಿದ್ದೀರಿ, ಮಾಡಿಯೇ ನೋಡೋಣ. ಉತ್ತರ ಐರ್ಲೆಂಡ್‌ನಲ್ಲಿ ಬಳಸುವುದು ಡಿ ಹಾಂಟ್ ಸೂತ್ರ. ಪಕ್ಷಕ್ಕೆ ಈಗಾಗಲೇ ಸಿಕ್ಕಿರುವ ಖಾತೆಗಳ ಸಂಖ್ಯೆಗೆ ಒಂದು ಕೂಡಿಸಿ, ಅದರಿಂದ ಪಕ್ಷದ ಶಾಸಕರ ಸಂಖ್ಯೆಯನ್ನು ಭಾಗಿಸಬೇಕು. ಯಾರಿಗೆ ಹೆಚ್ಚು ಬರುತ್ತದೋ ಅವರು ಮುಂದಿನ ಖಾತೆಯನ್ನು ಆರಿಸಿಕೊಳ್ಳುತ್ತಾರೆ. 1998ರಲ್ಲಿ ನಾಲ್ಕು ದೊಡ್ಡ ಪಕ್ಷಗಳಿಗೆ ಬಂದದ್ದು 28, 24, 20, 18 ಸ್ಥಾನ. ಮೊದಲ ಆಯ್ಕೆ 28ರ ಪಕ್ಷದ್ದು. ಕೂಡಲೇ ಅದರ ಲೆಕ್ಕ 14ಕ್ಕೆ ಇಳಿಯುತ್ತದೆ. ಆಮೇಲೆ 24, 20, 18ರ ಸರದಿ. ನಂತರ 14, 12, 10. ಉಳಿದ ಮೂರು ಖಾತೆ 9.33, 9, 8ಕ್ಕೆ. ಒಟ್ಟು ಹತ್ತು ಖಾತೆಗಳು 3, 3, 2, 2 ಎಂದು ಹಂಚಿಹೋದವು. ಖಾತೆ ಹಂಚಿಕೆಗೆ ವಾರಗಟ್ಟಲೆ ನಡೆಯುವ ಜಗ್ಗಾಟವನ್ನು ಕಂಡಿರುವ ನಮಗೆ ಇದರ ಬೆಲೆ ಗೊತ್ತು. ಇನ್ನೂ ಮುಖ್ಯವಾಗಿ, ಮಂತ್ರಿಯಾಗುವವರು ಯಾವ ಸಮುದಾಯದವರು ಎಂದು ಈ ಸೂತ್ರ ಕೇಳುವುದೇ ಇಲ್ಲ.

ಕೆಡುವುದು ಮೇಲಿನ ಎರಡು ಕುರ್ಚಿಗಳಲ್ಲಿ. ಪ್ರಥಮ ಮಂತ್ರಿ, ಉಪ ಪ್ರಥಮ ಮಂತ್ರಿ ಇಬ್ಬರದ್ದೂ ಜೋಡಿ ಹುದ್ದೆ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ. 2017ರಿಂದ 2020ರವರೆಗೆ ಮೂರು ವರ್ಷ, 2022ರಿಂದ ಎರಡು ವರ್ಷ ಆಡಳಿತ ಹೀಗೇ ನಿಂತುಹೋಯಿತು.

ಬೋಸ್ನಿಯಾದ ಸೂತ್ರ ಬಿಗಿ. ಅಧ್ಯಕ್ಷ ಮಂಡಳಿಯಲ್ಲಿ ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ರೋಮಾ ಸಮುದಾಯದವರೋ ಯಹೂದಿಗಳೋ ಸ್ಪರ್ಧಿಸುವಂತೆಯೇ ಇಲ್ಲ. ಇದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ತೀರ್ಪಿನ ನಂತರವೂ ವರ್ಷಗಟ್ಟಲೆ ಸಂವಿಧಾನ ಬದಲಾಗಲಿಲ್ಲ, ಬದಲಿಸಬೇಕಾದವರು ಅದೇ ಸೂತ್ರದಿಂದ ಕುರ್ಚಿ ಪಡೆದವರು. ಧರ್ಮ, ಪಂಥಗಳ ನಡುವೆ ಅಧಿಕಾರ ಹಂಚುವ ಲೆಬನಾನ್‌ನಲ್ಲಿ ಅಧಿಕೃತ ಜನಗಣತಿ ಕೊನೆಯ ಸಲ ನಡೆದದ್ದು 1932ರಲ್ಲಿ. ತಲೆ ಎಣಿಸಿದರೆ ಪಾಲು ಬದಲಾದೀತೆಂಬ ಭಯ.

ನಮ್ಮ ಮೀಸಲು ಕ್ಷೇತ್ರ ಬೇರೆ ಬಗೆಯದು. ಪುಲಕೇಶಿನಗರದಲ್ಲಿ ಅಭ್ಯರ್ಥಿ ಪರಿಶಿಷ್ಟ ಜಾತಿಯವರಾಗಿರಬೇಕು, ಆದರೆ ಮತ ಹಾಕುವವರು ಕ್ಷೇತ್ರದ ಎಲ್ಲರೂ. ಹಾಗಾಗಿ ಗೆಲ್ಲಲು ಬೇರೆಯವರ ಮನೆ ಬಾಗಿಲಿಗೂ ಹೋಗಲೇಬೇಕು. ಬೋಸ್ನಿಯಾದ ಸರ್ಬ್ ಸದಸ್ಯನನ್ನು ಆರಿಸುವುದು ದೇಶದ ಸುಮಾರು ಅರ್ಧ ಭಾಗವಾದ, ಸರ್ಬರು ಹೆಚ್ಚಿರುವ ರಿಪಬ್ಲಿಕಾ ಸ್ರ್ಪ್‌ಸ್ಕಾದ ಮತದಾರರು ಮಾತ್ರ. ಮಿಕ್ಕ ಅರ್ಧ ದೇಶದ ಮತ ಅವನಿಗೆ ಬೇಕಿಲ್ಲ. ಆಫ್ರಿಕಾದ ಬುರುಂಡಿಯ 2005ರ ನಿಯಮ ನಮಗೆ ಹೆಚ್ಚು ಹಿಡಿಸುತ್ತದೆ: ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಸಾಲಾಗಿ ಬರುವ ಮೂರು ಹೆಸರುಗಳಲ್ಲಿ ಒಂದೇ ಜನಾಂಗದವು ಎರಡಕ್ಕಿಂತ ಹೆಚ್ಚಿರಕೂಡದು. ಅಲ್ಲಿ ಪಕ್ಷದೊಳಗೇ ಬೆರೆಯಬೇಕಾಗುತ್ತದೆ.

ಪ್ರಶ್ನೆ: ಓಡಿಹೋದವರ ಮನೆಯಲ್ಲಿ ಬೇರೆಯವರು ಸೇರಿಕೊಂಡಿದ್ದರೆ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಬಹಳ ಸಲ ಒಳಗಿರುವವರೂ ಇನ್ನೊಂದು ಊರಿನಿಂದ ಓಡಿಬಂದವರೇ, ಕಷ್ಟವಿರುವುದೇ ಅಲ್ಲಿ. ಬೋಸ್ನಿಯಾದಲ್ಲಿ ಮೊದಲು, ಇಂಥ ಮನೆಗಳನ್ನು ‘ವಾರಸುದಾರರಿಲ್ಲದ್ದು’ ಎಂದು ಹಂಚಿದ್ದ ಯುದ್ಧಕಾಲದ ಕಾನೂನುಗಳನ್ನು ರದ್ದು ಮಾಡಿದರು. ಮಾಲೀಕರು ಸ್ಥಳೀಯ ವಸತಿ ಕಚೇರಿಗೆ ಅರ್ಜಿ ಹಾಕಬೇಕು. ಕಡತಗಳನ್ನು ಅರ್ಜಿ ಬಂದ ಕ್ರಮದಲ್ಲೇ ಎತ್ತಿಕೊಳ್ಳಬೇಕು. ಕಚೇರಿಗಳು ಬೇಕೆಂದೇ ಎಳೆದಾಡಿದವು. 1999ರ ನವೆಂಬರ್‌ನಲ್ಲಿ ಅಡ್ಡಿ ಮಾಡಿದ 22 ಅಧಿಕಾರಸ್ಥರನ್ನು ಡೇಟನ್ ಒಪ್ಪಂದದ ಜಾರಿ ನೋಡಿಕೊಳ್ಳುವ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿ ಒಂದೇ ದಿನ ಹುದ್ದೆಯಿಂದ ಕಿತ್ತುಹಾಕಿದರು. ಆಮೇಲೆ ಕೆಲಸಕ್ಕೆ ವೇಗ ಬಂತು. 2 ಲಕ್ಷಕ್ಕೂ ಹೆಚ್ಚು ಅರ್ಜಿಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದವು. ಆದರೆ ಮನೆ ಮರಳಿ ಸಿಕ್ಕ ಎಷ್ಟೋ ಮಂದಿ ಅದನ್ನು ಮಾರಿ, ತಮ್ಮವರು ಹೆಚ್ಚಿರುವ ಕಡೆಯೇ ಉಳಿದರು.

ಪ್ರಶ್ನೆ: ಬೋಸ್ನಿಯಾದಲ್ಲಿ ವಾಹನಗಳ ನಂಬರ್ ಪ್ಲೇಟ್ ಬದಲಿಸಿದ್ದರಿಂದ ಅನುಕೂಲವಾಯಿತಂತೆ, ನಿಜವೇ?
– ಲಾರಿ ಮಾಲೀಕ, ಯಶವಂತಪುರ

ಉತ್ತರ: ನಿಜ. ಕೆಎ 05 ಅಂದರೆ ಜಯನಗರ ಎಂದು ನಿಮಗೆ ತಟ್ಟನೆ ಗೊತ್ತಾಗುವಂತೆ, ಅಲ್ಲಿ ಪ್ಲೇಟ್ ನೋಡಿದರೆ ಗಾಡಿ ಯಾವ ಕಡೆಯದೆಂದು ತಿಳಿಯುತ್ತಿತ್ತು. ಅದರ ಅರ್ಥವೇನೆಂದು ನಿಮಗೆ ವಿವರಿಸಬೇಕಿಲ್ಲ. 2016ರ ಸೆಪ್ಟೆಂಬರ್ 12ರ ಕಾವೇರಿ ಗಲಭೆಯಲ್ಲಿ ನಮ್ಮೂರಲ್ಲಿ ತಮಿಳುನಾಡು ನೋಂದಣಿಯ ಗಾಡಿಗಳನ್ನೇ ಹುಡುಕಿ ಬೆಂಕಿ ಇಟ್ಟರು. 1998ರಲ್ಲಿ ಬೋಸ್ನಿಯಾದಾದ್ಯಂತ ಒಂದೇ ನಮೂನೆಯ ಪ್ಲೇಟ್ ಬಂತು. ಅದರಲ್ಲಿ ಊರಿನ ಗುರುತಿಲ್ಲ. ಅಕ್ಷರವೂ ಲ್ಯಾಟಿನ್, ಸಿರಿಲಿಕ್ ಎರಡೂ ಲಿಪಿಗಳಲ್ಲಿ ಒಂದೇ ರೂಪವಿರುವಂಥದ್ದು: ಎ, ಇ, ಜೆ, ಕೆ, ಎಂ, ಒ, ಟಿ. ದೇಶದ ಎರಡು ಭಾಗಗಳ ನಡುವಿನ ಗಡಿರೇಖೆ ದಾಟುವ ವಾಹನಗಳು ಬೇಗನೆ ಹೆಚ್ಚಾದವು. ಶಾಲೆಗಳಿಗೆ ಮಾತ್ರ ಇಂಥ ಉಪಾಯ ಹೊಳೆಯಲಿಲ್ಲ. ‘ಒಂದೇ ಸೂರಿನಡಿ ಎರಡು ಶಾಲೆ’ ಎಂದು ಕರೆಯುವ ಕಟ್ಟಡಗಳಲ್ಲಿ ಬೋಸ್ನಿಯಾಕ್ ಮತ್ತು ಕ್ರೊಯೇಟ್ ಮಕ್ಕಳು ಬೇರೆ ಬೇರೆ ಪಠ್ಯ ಓದುತ್ತಾರೆ, ಕೆಲವು ಕಡೆ ಒಳಹೋಗುವ ಬಾಗಿಲೂ ಬೇರೆ.