ಟ್ಯಾಗೋರ್ ಬೀಚಿನ ಓಟ, ಎಡ ಮಂಡಿ ನೋವು

ಕಾರವಾರದ ಬೀಚಿನಲ್ಲಿ ಕೋಡಿಬಾಗದ ಕಡೆಗೆ ಓಡಿ, ರಸ್ತೆಯಲ್ಲಿ ವಾಪಸ್ ಬರುತ್ತೇನೆ, ಎಡ ಮಂಡಿ ಮಾತ್ರ ನೋಯುತ್ತದೆ, ಶೂ ಬದಲಿಸಲಾ ಅಂತ ಕೇಳಿದ್ದೀರಿ. ಶೂ ಇರಲಿ, ಮೊದಲು ಮರಳಿನ ಇಳಿಜಾರು ನೋಡಿ. ಕೋಡಿಬಾಗದ ಕಡೆಗೆ, ಅಂದರೆ ಉತ್ತರಕ್ಕೆ ಓಡುವಾಗ ಸಮುದ್ರ ಎಡಕ್ಕಿರುತ್ತದೆ. ಎಡಗಾಲು ಪ್ರತಿ ಸಲ ತಗ್ಗಿಗೇ ಬೀಳುತ್ತದೆ ಅಲ್ವಾ? ಸಮುದ್ರದ ಇಳಿತದ ಹೊತ್ತಿಗೆ ಹೋಗಿ. ಆಗ ಒದ್ದೆ ಮರಳು ಗಟ್ಟಿ ಇರುತ್ತದೆ, ಸಮತಟ್ಟು ಜಾಗವೂ ಜಾಸ್ತಿ. ವಾಪಸ್ ಕೂಡ ಮರಳಲ್ಲೇ ಬನ್ನಿ, ಆಗ ತಗ್ಗು ಬಲಗಾಲಿನ ಕಡೆಗೆ ಬರುತ್ತದೆ.

ಇನ್ನೊಂದು, ಪಾದವನ್ನು ಮುಂದಕ್ಕೆ ಚಾಚಬೇಡಿ, ಆದಷ್ಟು ಸೊಂಟದ ಕೆಳಗೇ ಬೀಳಲಿ. ಒಂದು ನಿಮಿಷದ ಹೆಜ್ಜೆ ಎಣಿಸಿ, ಅದೇ ವೇಗದಲ್ಲಿ ಶೇ. 5ರಷ್ಟು ಹೆಚ್ಚಿಸಿ. 160 ಇದ್ದರೆ 168. ಹೆಜ್ಜೆ ತಾನಾಗೇ ಚಿಕ್ಕದಾಗುತ್ತದೆ, ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಎಲ್ಲರಿಗೂ 180 ಬೇಕು ಅನ್ನೋದು ಸುಮ್ನೆ ಮಾತು. ಊತ ಇದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.