ಗಾಳಿಗೂ ಬಿಲ್ಲು ಕಟ್ಟಬೇಕಾ?

ಪ್ರಶ್ನೆ: ನಮ್ಮಲ್ಲಿ ನೀರು ಬಿಡೋದು ವಾರಕ್ಕೊಮ್ಮೆ. ಬಿಟ್ಟ ಕೂಡಲೇ ನಲ್ಲಿ ಬುಸ್ ಅಂತ ಗಾಳಿ ಉಗುಳುತ್ತದೆ, ಹನಿ ನೀರು ಬೀಳುವ ಮೊದಲೇ ಮೀಟರ್ ಗರಗರ ತಿರುಗುತ್ತದೆ. ನೀರು ಬಿಡುವವನನ್ನು ಕೇಳಿದರೆ "ಗಾಳಿಗೆ ಮೀಟರ್ ತಿರುಗಂಗಿಲ್ರೀ ಅಕ್ಕಾರ" ಅಂತಾನೆ. ಹೌದಾ?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಇಲ್ಲ, ತಿರುಗುತ್ತದೆ. ಮಾಮೂಲಿ ಮೀಟರಿನ ಒಳಗಿರೋದು ಒಂದು ಪುಟ್ಟ ಚಕ್ರ, ಅಷ್ಟೇ. ತಳ್ಳುತ್ತಿರೋದು ನೀರೋ ಗಾಳಿಯೋ ಅದಕ್ಕೆ ಗೊತ್ತಾಗಲ್ಲ. ಗಾಳಿ ಹಗುರ, ನೀರಿಗಿಂತ ಜೋರಾಗಿ ನುಗ್ಗುತ್ತದೆ, ಹಾಗಾಗಿ ಚಕ್ರ ಇನ್ನೂ ಜಾಸ್ತಿ ಓಡುತ್ತದೆ. ನೀರಿಲ್ಲದ ದಿನ ಪೈಪು ಖಾಲಿಯಾಗಿ ಗಾಳಿ ತುಂಬಿಕೊಂಡಿರುತ್ತದೆ, ಮತ್ತೆ ನೀರು ಬಿಟ್ಟಾಗ ಅದು ಎಲ್ಲಿಂದಲಾದರೂ ಹೊರಗೆ ಬರಲೇಬೇಕಲ್ವಾ, ರಸ್ತೆಯ ಪೈಪಿಗೆ ಗಾಳಿಯನ್ನು ಹೊರಗೆ ಬಿಡುವ ಏರ್ ವಾಲ್ವ್ ಇಲ್ಲದಿದ್ದರೆ ಅಥವಾ ಇದ್ದದ್ದು ಕೆಟ್ಟಿದ್ದರೆ ನಿಮ್ಮ ನಲ್ಲಿಯೇ ಅದಕ್ಕೆ ದಾರಿ. ಬೀದಿಯಲ್ಲಿ ಯಾರಾದರೂ ಪೈಪಿಗೇ ಮೋಟರ್ ಹಾಕಿ ಎಳೆದರೂ ಇದೇ ಪಾಡು.

ಆದರೆ ಇಡೀ ಬಿಲ್ಲು ಗಾಳಿಯದ್ದೇ ಅಂತ ಸುಮ್ನೆ ಜಗಳಕ್ಕೆ ಹೋಗಬೇಡಿ. ಮೊದಲು ಅಳೆಯಿರಿ. ಡಯಲ್ ಮೇಲಿನ ಕಪ್ಪು ಅಂಕಿ ಕಿಲೋಲೀಟರ್, ಅಂದರೆ 1000 ಲೀಟರ್ ಲೆಕ್ಕ. ಕೆಂಪು ಅದಕ್ಕಿಂತ ಚಿಲ್ಲರೆ. ಗಾಳಿ ಶುರುವಾಗುವ ಮುಂಚೆ ಒಂದು ಫೋಟೊ, ನೀರು ಸರಿಯಾಗಿ ಬಂದ ಮೇಲೆ ಇನ್ನೊಂದು. ಗಾಳಿಯ ಪಾಲು ಅಲ್ಲೇ ಸಿಗುತ್ತದೆ. ಆಮೇಲೆ 20 ಲೀಟರ್ ಕ್ಯಾನ್ 10 ಸಲ ತುಂಬಿಸಿ. ಮೀಟರ್ 200 ಲೀಟರ್ ಮುಂದಕ್ಕೆ ಹೋಗಿರಬೇಕು, ನಾಲ್ಕೈದು ಲೀಟರ್ ಆಚೀಚೆ ಆದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ, ಫೋಟೊ ಜೊತೆಗಿರಲಿ.

ಮೀಟರಿಗಿಂತ ಮುಂಚಿನ ವಾಲ್ವನ್ನು ಗಾಳಿ ಹೋಗುವ ತನಕ ಮುಚ್ಚಿಡಬಹುದು. ಆ ಗಾಳಿ ಪಕ್ಕದ ಮನೆಯವರ ಬಿಲ್ಲಿಗೆ ಸೇರುತ್ತದೆ, ಅದು ಬೇರೆ ಮಾತು! ದೊಡ್ಡ ಪೈಪುಗಳಿಗೆ ಹಾಕುವ ಮ್ಯಾಗ್ನೆಟಿಕ್ ಮೀಟರಿನಲ್ಲಿ ಚಕ್ರವೇ ಇಲ್ಲ, ಕಾಂತದ ನಡುವೆ ನೀರು ಹರಿದಾಗ ಹುಟ್ಟುವ ವೋಲ್ಟೇಜನ್ನು ಅದು ಅಳೆಯುತ್ತದೆ. ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಮನೆಗೂ ಸಿಗುತ್ತದೆ, ಆದರೆ ದುಬಾರಿ. ನನ್ನ ಕೇಳಿದರೆ ಮೀಟರ್ ಬದಲಿಸೋದಕ್ಕಿಂತ ಪೈಪು ಸದಾ ತುಂಬಿರೋದು ಮುಖ್ಯ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 24 ಗಂಟೆ ನೀರು ಕೊಡಲು ಶುರು ಮಾಡಿದರು. ಪೈಪಿನಲ್ಲಿ ಯಾವಾಗಲೂ ಒತ್ತಡ ಇದ್ದರೆ ಗಾಳಿಯೂ ನುಗ್ಗಲ್ಲ, ಚರಂಡಿ ನೀರೂ ಒಳಗೆ ಬರಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಪರದೆ ಮೇಲೆ ಬಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು) ಯಾವಾಗ ನೋಡಿದರೂ 8. ಅಲ್ಲಿಂದಲೇ ಬರುವ ಫ್ಲಶ್ ನೀರು ಮಾತ್ರ ನಾರುತ್ತದೆ. ಪರದೆ ನಂಬಬೇಕಾ, ಮೂಗು ನಂಬಬೇಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೂಗು! ಲ್ಯಾಬಿನಲ್ಲಿ ಬಿಒಡಿ ನೋಡೋಕೆ ಸ್ಯಾಂಪಲನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಪರದೆ ತಕ್ಷಣ ತೋರಿಸುವ ಸಂಖ್ಯೆ ಸಾಮಾನ್ಯವಾಗಿ ನೀರಿನೊಳಗೆ ಬೆಳಕು ಹಾಯಿಸಿ ಕಟ್ಟಿದ ಅಂದಾಜು. ಬೆಳಿಗ್ಗೆ ಸ್ನಾನದ ಹೊತ್ತಿಗೂ ಮಧ್ಯಾಹ್ನಕ್ಕೂ ಒಂದೇ ಸಂಖ್ಯೆ ಇದ್ದರೆ ಸೆನ್ಸರ್ ಮೇಲೆ ಪಾಚಿ, ಲೋಳೆ ಕಟ್ಟಿರಬಹುದು, ಇಲ್ಲವೇ ಯಾರೋ ಸಂಖ್ಯೆಯನ್ನು ಅಲ್ಲೇ ನಿಲ್ಲಿಸಿಟ್ಟಿರಬಹುದು. ಆಪರೇಟರ್ ಎದುರಿಗೇ ಸೆನ್ಸರ್ ತೊಳೆಸಿ. ಕೊಳಚೆಗೆ ಗಾಳಿ ಊದುವ ಏರೇಶನ್ ಟ್ಯಾಂಕಿನಿಂದ 1 ಲೀಟರ್ ನೀರನ್ನು ಗಾಜಿನ ಜಾರಿಗೆ ಹಾಕಿ ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲಬೇಕು. ಇಡೀ ಜಾರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಮೊದಲು ಆ ಗಾಳಿ ಊದುವ ಯಂತ್ರ, ಬ್ಲೋವರ್, ಓಡುತ್ತಿದೆಯಾ ನೋಡಿ. ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಅದನ್ನು ಆಫ್ ಮಾಡುವ ಕಟ್ಟಡಗಳು ಬೇಕಾದಷ್ಟಿವೆ.